ನೀಲಿ ಪಟ್ಟಿ ಕಟ್ಟಿದ ಕೋಳಿಗಳು

ಕುರುಗೋಡಿನ ನಮ್ಮಜ್ಜಿಯ ಕೋಳಿಗಳು ಆ ಬೇಸಿಗೆಯಲ್ಲಿ ಬದುಕಿ ಉಳಿದವು ಎಂಬುದರಲ್ಲಿ ನನಗೆ ಸಂಶಯವಿಲ್ಲ. ನನ್ನಿಂದ ಉಳಿದವೇ ಎಂಬುದು ಮಾತ್ರ ಖಾತ್ರಿಯಿಲ್ಲ. ಹಕ್ಕಿಗಳಿಗೆ ಚಿಕಿತ್ಸೆ ಕೊಡುತ್ತ, ಆ ವಿದ್ಯೆಯನ್ನೇ ಬೇರೆಯವರಿಗೆ ಕಲಿಸುತ್ತ ಇಷ್ಟು ಕಾಲ ಕಳೆದಿದ್ದೇನೆ. ಇಂಥ ಕಥೆಯನ್ನು ಒಬ್ಬ ವಿದ್ಯಾರ್ಥಿ ಪ್ರಯೋಗವೆಂದು ನನ್ನ ಮೇಜಿನ ಮೇಲೆ ತಂದಿಟ್ಟರೆ ಅರ್ಧ ಓದಿ ವಾಪಸು ಕೊಡುತ್ತೇನೆ. ಎಣಿಸಿದವರು ಯಾರು, ಕಣ್ಣಾರೆ ನೋಡಿದವರು ಯಾರು, ಔಷಧ ತಣ್ಣಗೇ ಇತ್ತು ಎಂಬುದಕ್ಕೆ ಆಧಾರವೇನು ಎಂದು ಕೇಳುತ್ತೇನೆ. ಬೇರೆಯವರನ್ನು ಹೀಗೆ ಕೇಳುವುದು ಸುಲಭ. ಯಾವ ಬೇಸಿಗೆಯ ಮೇಲೆ ನನ್ನ ಬದುಕು ನಿಂತಿದೆಯೋ ಆ ಬೇಸಿಗೆಯ ಬಗ್ಗೆ ನನ್ನನ್ನೇ ಕೇಳಿಕೊಳ್ಳುವುದು ಅಷ್ಟು ಸುಲಭವಲ್ಲ. ಆ ಕೆಲಸವನ್ನು ತಂಗಿ ಶಾರದೆ ವಹಿಸಿಕೊಂಡಿದ್ದಾಳೆ. ಅವಳು ಸಿರುಗುಪ್ಪದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ, ಮನೆಯ ನೆನಪುಗಳನ್ನೂ ತಪ್ಪು ಉತ್ತರ ಬರೆದ ಹುಡುಗನ ಪೇಪರಿನಂತೆ ತಿದ್ದುತ್ತಾಳೆ. ಲಸಿಕೆಯ ಥರ್ಮಾಸನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತವನು ನಾನು ಎಂದು ನನ್ನ ನೆನಪು. ತಾನು ಎಂದು ಅವಳದು. ಥರ್ಮಾಸು ಕೆಂಪು ಎಂದು ನಾನು, ಹಸಿರು ಎಂದು ಅವಳು. ಬಸ್ಸು ಕೋಳೂರು ಕ್ರಾಸಿನಲ್ಲಿ ಪಂಕ್ಚರಾಗಿ ನಿಂತಿದ್ದು, ಬಿಸಿಲು ನೆತ್ತಿ ಸುಡುತ್ತಿದ್ದದ್ದು ಮಾತ್ರ ಇಬ್ಬರಿಗೂ ಒಂದೇ ರೀತಿ ನೆನಪಿದೆ. ಇಡೀ ಜಗಳ ನಿಂತಿರುವುದು ಅಲ್ಲೇ.

ಆಗ ನಮ್ಮ ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿತ್ತು. ಎರಡು ಕೋಣೆ, ಹಿಂದೆ ಒಂದು ಹಿತ್ತಲು. ಎರಡು ಕೋಣೆ ಎಂದು ಹೆಸರಿಗೆ. ಮುಂದಿನದರಲ್ಲಿ ಜೀನ್ಸ್ ಪ್ಯಾಂಟುಗಳು ವಾಸವಾಗಿದ್ದವು, ನಾವು ನಾಲ್ವರು ಒಳಗಿನದರಲ್ಲಿ. ಅಪ್ಪ ಕಟಿಂಗ್ ಮಾಸ್ಟರ್. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರಪದರವಾಗಿ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ದೊಡ್ಡ ಕತ್ತರಿಯಲ್ಲಿ ಒಂದೇ ಉಸಿರಿಗೆ ಕತ್ತರಿಸುತ್ತಿದ್ದ. ಅವ್ವ ಮೂಲೆಯ ಮಿಷನ್ನಿನಲ್ಲಿ ಕೂತು ಜೇಬು ಹಚ್ಚುತ್ತಿದ್ದಳು. ಬಟ್ಟೆಯ ಬಣ್ಣ ಮನೆಯ ಎಲ್ಲದಕ್ಕೂ ಹತ್ತಿತ್ತು. ಬಾಗಿಲ ಚೌಕಟ್ಟು ನೀಲಿ, ಅವ್ವನ ಬೆರಳ ತುದಿ ನೀಲಿ, ಊಟಕ್ಕೆ ಮುಂಚೆ ಕೈ ತೊಳೆದ ನೀರು ನೀಲಿ. ಹಿತ್ತಲಿನ ಕೋಳಿಗಳು ಮಿಷನ್ನಿನ ಕೆಳಗೆ ನುಗ್ಗಿ, ದಾರದ ತುಣುಕು, ಕಸ, ಏನು ಸಿಕ್ಕರೂ ಕುಕ್ಕಿ ತಿನ್ನುತ್ತಿದ್ದವು. ಭಾನುವಾರ ಅವುಗಳಲ್ಲೊಂದು ಸಾರಾಗುತ್ತಿತ್ತು. ಕೊಯ್ಯುವುದು ಅಪ್ಪ, ಪುಕ್ಕ ಕಿತ್ತು ಹಸನು ಮಾಡುವುದು ನಾನು ಮತ್ತು ಅವ್ವ. ಕೋಳಿ ತಿಂದ ಕಾಳನ್ನು ಹೊಟ್ಟೆಯೊಳಗೆ ಅರೆಯುವ ಗಟ್ಟಿ ಮಾಂಸದ ಗಂಟೊಂದಿರುತ್ತದೆ. ನಮ್ಮ ಕಡೆ ತೆಲುಗಿನವರ ಹಾಗೆ ಅದನ್ನು ಕಂದನಕಾಯಿ ಎನ್ನುತ್ತಾರೆ. ಅದು ಯಾವಾಗಲೂ ಅಪ್ಪನ ಪಾಲು. ಅವನ ತಾಟಿಗೆ ಬಿದ್ದ ಮೇಲೆಯೇ ಮಿಕ್ಕವರಿಗೆ ಬಡಿಸುವುದು. ಆ ಮನೆಯಲ್ಲಿ ಮಾತಾಡದೆ ಪಾಲಿಸುತ್ತಿದ್ದ ಶಾಸ್ತ್ರ ಅದೊಂದೇ ಇರಬೇಕು. ಉಳಿದ ಎಲ್ಲದಕ್ಕೂ ಜಗಳವಿತ್ತು.

ನಾನು ಎಂಟನೆಯ ತರಗತಿಯಲ್ಲಿದ್ದಾಗಿನ ಒಂದು ಭಾನುವಾರ ಅಂಥ ಕಂದನಕಾಯಿಯನ್ನು ಸೀಳಿದೆ. ಒಳಗೆ ಮರಳಿನ ಜತೆ ಒಂದು ರಿವೆಟ್ಟು ಇತ್ತು, ಜೀನ್ಸಿನ ಜೇಬಿನ ಮೂಲೆಗೆ ಬಡಿಯುವ ಆ ಪುಟ್ಟ ತಾಮ್ರದ ಗುಂಡಿ. ಅಪ್ಪನ ಡಬ್ಬಿಯಲ್ಲಿದ್ದ ರಿವೆಟ್ಟುಗಳು ಮಂಕಾಗಿದ್ದವು. ಇದು ಉಜ್ಜಿ ಉಜ್ಜಿ ಹೊಸ ಬಂಗಾರದಂತೆ ಹೊಳೆಯುತ್ತಿತ್ತು, ಅಂಚು ಸವೆದು ಕಾಗದದಷ್ಟು ತೆಳ್ಳಗಾಗಿತ್ತು. ಹಲ್ಲಿಲ್ಲದ ಪ್ರಾಣಿ ತಾಮ್ರವನ್ನು ಅರೆಯುತ್ತಿದೆ! ಅದನ್ನು ಅಂಗೈಯಲ್ಲಿ ಹಿಡಿದು ನಾನು ಎಷ್ಟು ಹೊತ್ತು ಕೂತಿದ್ದೆನೋ, ಒಲೆಯ ಮೇಲಿನ ಮಸಾಲೆ ಸೀಯುವ ವಾಸನೆ ಬಂದು ಅವ್ವ ಬೈದಳು. ಅಂದಿನಿಂದ ಪ್ರತಿ ಭಾನುವಾರವೂ ನನಗೆ ಪಾಠದ ದಿನವಾಯಿತು. ಶ್ವಾಸಕೋಶ ಪಕ್ಕೆಲುಬಿಗೆ ಹೇಗೆ ಅಂಟಿರುತ್ತದೆ, ರೆಕ್ಕೆಯ ಯಾವ ಎಲುಬು ನಮ್ಮ ಮೊಣಕೈಗೆ ಸಮ, ಮೊಟ್ಟೆ ಯಾವ ದಾರಿಯಲ್ಲಿ ಇಳಿಯುತ್ತದೆ ಎಂದು ನೋಡಿ, ಅಪ್ಪನ ಸೀಮೆಸುಣ್ಣದಲ್ಲಿ ಹಿತ್ತಲಿನ ಬಂಡೆಯ ಮೇಲೆ ಚಿತ್ರ ಬಿಡಿಸುತ್ತಿದ್ದೆ. ಸಾರು ತಡವಾಗುತ್ತಿತ್ತು. ಹಕ್ಕಿಗಳ ಡಾಕ್ಟರಾಗುತ್ತೇನೆ ಎಂದು ಒಂದು ದಿನ ಊಟಕ್ಕೆ ಕೂತಾಗಲೇ ಹೇಳಿಬಿಟ್ಟೆ.

"ಕೋಳಿಗೆ ಡಾಕ್ಟರ್ರಾ?" ಅಪ್ಪ ತುತ್ತು ಕೈಯಲ್ಲೇ ಹಿಡಿದು ನಕ್ಕ. "ಕೋಳಿಗೆ ಜಡ್ಡಾದ್ರ ಅದಕ್ಕ ಔಷಧ ನಮ್ಮನ್ಯಾಗ ಐತಲೇ ಬಸ್ಯಾ. ಬಳ್ಳೊಳ್ಳಿ, ಶುಂಠಿ, ಒಣಕೊಬ್ರಿ."

"ಹುಡುಗ ಓದ್ತೀನಿ ಅಂದ್ರ ನಗ್ತೀರಲ್ಲ," ಎಂದಳು ಅವ್ವ. "ನೀವು ಪ್ಯಾಂಟ್ ಕತ್ತರಸ್ತೀರಿ. ಅವ ಕೋಳಿ ನೋಡ್ತಾನ. ಎರಡೂ ಕೆಲಸಾನ ಹೌದಿಲ್ಲೋ?"

"ಪ್ಯಾಂಟ್ ಸಾಯಂಗಿಲ್ಲ."

ಅಪ್ಪ ಕೆಟ್ಟವನಾಗಿರಲಿಲ್ಲ. ತನ್ನ ಕತ್ತರಿ ತನ್ನ ನಂತರ ನನ್ನ ಕೈಗೆ ಬರಬೇಕೆಂದು ಆಸೆಪಟ್ಟಿದ್ದ, ಅಷ್ಟೇ. ನನ್ನ ಕೈ ನೆಟ್ಟಗಿದೆ, ಗೆರೆ ತಪ್ಪುವುದಿಲ್ಲ ಎಂದು ಬಂದವರ ಮುಂದೆ ಹೊಗಳುತ್ತಿದ್ದ. ಶನಿವಾರ ಅರ್ಧ ದಿನದ ಶಾಲೆ ಮುಗಿದದ್ದೇ ನಾನು ದನದ ದವಾಖಾನೆಗೆ ಓಡುತ್ತಿದ್ದೆ. ಅಲ್ಲಿನ ಡಾಕ್ಟರು ಮೈಸೂರು ಕಡೆಯವರು. ಮೊದಲ ಕೆಲವು ವಾರ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಆಮೇಲೆ ಯಾರೋ ತಂದ ಹುಂಜ ಬುಟ್ಟಿಯಿಂದ ಹಾರಿ ಔಷಧದ ಬೀರುವಿನ ಮೇಲೆ ಕೂತಾಗ ನಾನು ಹಿಡಿದುಕೊಟ್ಟೆ. ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿಯುವುದು, ಎದೆ ಅದುಮದಂತೆ ನೋಡಿಕೊಳ್ಳುವುದು, ಕಣ್ಣಿಗೆ ಒಂದು ಹನಿ ಬಿಟ್ಟು ಅದು ಕಣ್ಣು ಮಿಟುಕಿಸಿ ಹನಿ ಒಳಗಿಳಿಯುವವರೆಗೆ ಬಿಡದಿರುವುದು, ಇವನ್ನೆಲ್ಲ ಅವರು ಕಲಿಸಿದರು. ಮನೆಗೆ ಬಂದು ಬರೀ ನೀರಿನ ಹನಿಯಿಂದ ಅಭ್ಯಾಸ ಮಾಡುತ್ತಿದ್ದೆ. ನಮ್ಮ ಹಿತ್ತಲಿನ ಕೋಳಿಗಳು ಇಡೀ ಕೌಲ್ ಬಜಾರಿನಲ್ಲೇ ಶುಭ್ರವಾದ ಕಣ್ಣಿನವಾಗಿದ್ದವು.

ಒಂಬತ್ತನೆಯ ತರಗತಿಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅಪ್ಪ ಪಂಥ ಕಟ್ಟಿದ. ಕುರುಗೋಡಿನಲ್ಲಿ ಅವ್ವನ ತಾಯಿ ಒಬ್ಬಳೇ ಒಂದು ಹಿಂಡು ನಾಟಿ ಕೋಳಿ ಸಾಕಿದ್ದಳು. ಪ್ರತಿ ಬೇಸಿಗೆಗೂ ಅವಳ ಓಣಿಗೆ ಕೊಕ್ಕರೆ ರೋಗ ಬರುತ್ತಿತ್ತು. ಕೋಳಿ ಬಾಯಿ ತೆರೆದು ಉಸಿರೆಳೆಯುತ್ತದೆ, ಹಸಿರಾಗಿ ಭೇದಿ ಮಾಡುತ್ತದೆ, ಕತ್ತು ತಿರುಚಿಕೊಂಡು ಬೀಳುತ್ತದೆ. ಒಂದಕ್ಕೆ ಬಂದರೆ ಓಣಿಯೆಲ್ಲ ಖಾಲಿ. ಮಳೆಗಾಲದಲ್ಲಿ ಅಜ್ಜಿ ಮತ್ತೆ ಮರಿ ಮಾಡಿಸುತ್ತಿದ್ದಳು, ಬೇಸಿಗೆಗೆ ಮತ್ತೆ ಹೋಗುತ್ತಿದ್ದವು.

"ನಿಮ್ಮಜ್ಜಿ ಕೋಳಿ ಈ ಬ್ಯಾಸಿಗಿ ದಾಟಿಸು ನೋಡಾಣ," ಎಂದ ಅಪ್ಪ, ಕತ್ತರಿಯ ಅಲಗಿಗೆ ಎಣ್ಣೆ ಸವರುತ್ತ. "ದಾಟಿಸಿದ್ರ ಹತ್ತನೇ ಕ್ಲಾಸ್ ಆದ ಮ್ಯಾಲೆ ಸೈನ್ಸ್ ತಗೊ, ನಾ ಏನೂ ಅನ್ನಂಗಿಲ್ಲ. ಇಲ್ಲಂದ್ರ ಈ ಮೇಜಿನ ಮುಂದ ನಿಂದರಬೇಕು. ಆಗಬಹುದಾ?"

ಆಗಬಹುದು ಎಂದೆ. ದವಾಖಾನೆಯ ಡಾಕ್ಟರು ಲಸಿಕೆಯ ಬಾಟಲಿ ಕೊಡುವ ಮುನ್ನ ನನ್ನ ಕೈಯಲ್ಲಿದ್ದ ಥರ್ಮಾಸಿನ ಮುಚ್ಚಳ ತೆಗೆದು ಒಳಗೆ ಬೆರಳಿಟ್ಟು ನೋಡಿದರು. ಹೊಲಿಗೆಯವರಿಗೆ ಚಹಾ ತರಲು ಅವ್ವ ಇಟ್ಟುಕೊಂಡಿದ್ದ ಥರ್ಮಾಸು ಅದು. ಸೋಡಾ ಅಂಗಡಿಯ ಐಸನ್ನು ಒಡೆದು ತುಂಬಿದ್ದೆ.

"ನೋಡು, ಇದರಲ್ಲಿರೋದು ಜೀವ ಇರೋ ವೈರಸ್ಸು, ಬಲ ಮಾತ್ರ ಕುಂದಿಸಿದ್ದಾರೆ," ಎಂದರು. "ಬಿಸಿ ತಾಗಿದ್ರೆ ಸತ್ತುಹೋಗುತ್ತೆ. ಆಮೇಲೆ ನೀನು ಹಾಕೋದು ಬರೀ ನೀರು. ರೋಗ ಬರೋಕೆ ಮುಂಚೆ ಹಾಕ್ಬೇಕು, ಬಂದ್ಮೇಲಲ್ಲ."

ನಾನು ಮತ್ತು ತಂಗಿ ಶಾರಿ ಕುರುಗೋಡಿಗೆ ಹೋದೆವು. ಅಜ್ಜಿಯದು ಮಣ್ಣಿನ ಮಾಳಿಗೆಯ ತಗ್ಗು ಮನೆ. ಒಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಬಾಗಿಲಲ್ಲೇ ನಿಂತುಬಿಡುತ್ತಿತ್ತು. ಪಡಸಾಲೆಯಲ್ಲಿ ಬುಟ್ಟಿಗಳ ಕೆಳಗೆ, ಜೋಳ ತುಂಬಿಡುವ ವಾಡೆಯ ಹಿಂದೆ, ಎಲ್ಲಿ ನೋಡಿದರೂ ಕೋಳಿ. ಹೊತ್ತು ಇಳಿದು ಅವು ಗೂಡಿಗೆ ಬರುವಾಗ ಹಿಡಿಯುವುದು ಸುಲಭವೆಂದು ಕಾದೆ. ಬಾಟಲಿಯನ್ನು ಹೊರತೆಗೆದು ಪಡಸಾಲೆಯಲ್ಲಿಟ್ಟು, ಕೈಗೆ ಸಿಗದ ಒಂದು ಹೇಂಟೆಯ ಬೆನ್ನು ಹತ್ತಿ ಹಿತ್ತಲಿಗೆ ಹೋದೆ. ಅಷ್ಟರಲ್ಲಿ ಶಾರಿ ಕೂಗಿದಳು.

"ಅಣ್ಣಾ, ಅಜ್ಜಿ ಔಷಧ ಬಿಸಿ ಮಾಡಾಕತ್ಯಾಳ!"

ಓಡಿ ಬಂದೆ. ಬಚ್ಚಲ ಒಲೆಯ ಪಕ್ಕ ತಂಬಿಗೆಯ ಬಿಸಿನೀರಿನಲ್ಲಿ ಬಾಟಲಿ ತೇಲುತ್ತಿತ್ತು. ಅಜ್ಜಿ ಅದನ್ನು ಎತ್ತಿ, ಕೆನ್ನೆಗೆ ತಾಗಿಸಿ, ಹದ ನೋಡುತ್ತಿದ್ದಳು.

"ಯಾಕಜ್ಜಿ? ಯಾಕ ಮಾಡಿದಿ ಹಿಂಗ?"

"ಐಸಿನಂಥಾದ್ದನ್ನ ಕಣ್ಣಿಗೆ ಬಿಡ್ತಾರೇನಲೇ? ನೀ ಕೂಸಿದ್ದಾಗ ಕಿವಿಗೆ ಎಣ್ಣಿ ಬಿಟ್ಟಾಗೆಲ್ಲ ಉಗುರುಬೆಚ್ಚಗ ಮಾಡೇ ಬಿಟ್ಟೀನಿ. ಅದಕ್ಕ ನಿನ್ನ ಕಿವಿ ನೆಟ್ಟಗ ಅದಾವು. ಹೇಳಿದ್ದು ಮಾತ್ರ ಕೇಳಂಗಿಲ್ಲ."

ನಾನು ಅತ್ತುಬಿಟ್ಟೆ ಎಂದು ಶಾರಿ ಹೇಳುತ್ತಾಳೆ. ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದೆ ಎಂದು ನನ್ನ ನೆನಪು. ಇಡೀ ವರ್ಷದ ಶನಿವಾರಗಳು ಒಂದು ತಂಬಿಗೆ ಬಿಸಿನೀರಿನಲ್ಲಿ ಮುಗಿದುಹೋದವೆಂದು ಅನ್ನಿಸಿತ್ತು. ಕಟಿಂಗ್ ಮೇಜಿನ ಮುಂದೆ ನಿಂತ ನನ್ನ ಬೆನ್ನು ನನಗೇ ಕಾಣಿಸುತ್ತಿತ್ತು. ಒಳಗೆ ಅಜ್ಜಿ ಹಾಲು ಕಾಯಿಸಿ ಇಳಿಸಿದ್ದಳು. ಎರಡು ಪಾತ್ರೆಗಳ ನಡುವೆ ಎತ್ತಿ ಎತ್ತಿ ಸುರಿದು ಆರಿಸಿದಳು, ಕಿರುಬೆರಳು ಅದ್ದಿ ನೋಡಿದಳು, ಇನ್ನೂ ಸ್ವಲ್ಪ ತಾಳಿದಳು.

"ಯಾಕ ಅಷ್ಟು ಆರಸ್ತಿ?" ಎಂದೆ, ಸಿಟ್ಟಿನಲ್ಲೇ.

"ಸುಡು ಹಾಲಿಗೆ ಹೆಪ್ಪು ಹಾಕಿದ್ರ ಹೆಪ್ಪು ಸಾಯ್ತತಿ. ಮುಂಜಾನೆ ಮಸರು ಎಲ್ಲಿಂದ ಬರಬೇಕು?"

"ಈ ಔಷಧಾನೂ ಹಂಗ ಅಜ್ಜಿ. ಅದರಾಗೂ ಜೀವ ಐತಿ. ಕೋಳಿ ಮೈಯಾಗ ಹೆಪ್ಪು ಹಾಕಿದಂಗ. ಬಿಸಿ ಆತು ಅಂದ್ರ ಸತ್ತಂಗ."

ಅವಳ ಬೆರಳು ಹಾಲಿನಲ್ಲೇ ನಿಂತಿತು. ನನ್ನನ್ನು ನೋಡಿದಳು, ತಂಬಿಗೆಯ ಬಾಟಲಿಯನ್ನು ನೋಡಿದಳು.

"ಹಂಗಂತ ಮೊದ್ಲ ಹೇಳಾಕ ಏನಾಗಿತ್ತು ನಿನಗ? ಬಂದಾಗಿಂದ ಐಸು ಐಸು ಅಂತ ಒದರಿದಿ. ಒಂದು ಸಲಾರ ಹೆಪ್ಪು ಅಂದ್ಯಾ?"

ಈ ಹೋಲಿಕೆಯನ್ನು ಮೊದಲು ಆಡಿದವನು ನಾನೋ, ಅವಳೋ, ಈಗ ಪ್ರಮಾಣ ಮಾಡಿ ಹೇಳಲಾರೆ. ಇಷ್ಟು ಚೆಂದವಾದ ಮಾತು ಒಂಬತ್ತನೆಯ ತರಗತಿಯ ಹುಡುಗನಿಗೆ ಹೊಳೆಯಿತೆಂದರೆ ನಾನೇ ನಂಬುವುದಿಲ್ಲ. ಆದರೆ ಈಗಲೂ ಹಳ್ಳಿಗಳಲ್ಲಿ ಲಸಿಕೆಯ ಬಗ್ಗೆ ಹೇಳಬೇಕಾದಾಗ ಹೆಪ್ಪಿನಿಂದಲೇ ಶುರು ಮಾಡುತ್ತೇನೆ, ಮುಂದಿನದನ್ನು ಎದುರಿಗೆ ಕೂತ ಹೆಂಗಸರೇ ಹೇಳಿ ಮುಗಿಸುತ್ತಾರೆ.

ಮರುದಿನ ಬಳ್ಳಾರಿಗೆ ವಾಪಸು. ಡಾಕ್ಟರು ಕಥೆ ಕೇಳಿ ಕನ್ನಡಕ ತೆಗೆದು ನಕ್ಕರು, ಇನ್ನೊಂದು ಬಾಟಲಿ ಕೊಟ್ಟರು. ಹೊಸ ಐಸು ತುಂಬಿಸಿಕೊಂಡು ಅದೇ ದಾರಿ ಹಿಡಿದೆವು. ಸಿರುಗುಪ್ಪದ ರಸ್ತೆ ಬಿಟ್ಟು ಕುರುಗೋಡಿಗೆ ತಿರುಗುವ ಕೋಳೂರು ಕ್ರಾಸಿನಲ್ಲಿ ಬಸ್ಸಿನ ಗಾಲಿ ಕೂತಿತು. ಜನರೆಲ್ಲ ಇಳಿದು ಒಂದು ಬೇವಿನ ಮರದ ನೆರಳಿಗೆ ಸರಿದರು. ಅಲ್ಲಿ ಎಷ್ಟು ಹೊತ್ತು ನಿಂತೆವು ಎಂಬುದೇ ನಮ್ಮಿಬ್ಬರ ತಕರಾರು. ನಾನು ಥರ್ಮಾಸನ್ನು ತೆರೆದು ನೋಡಲಿಲ್ಲ, ತೆರೆದರೆ ಬಿಸಿಗಾಳಿ ಒಳಗೆ ಹೋಗುತ್ತದೆಂದು. ಅಜ್ಜಿಯ ಮನೆ ಮುಟ್ಟಿದಾಗಲೂ ಒಳಗೆ ಐಸಿತ್ತೋ ಬರೀ ನೀರಿತ್ತೋ ನೋಡಿದ ನೆನಪು ಇಬ್ಬರಿಗೂ ಇಲ್ಲ, ಏಕೆಂದರೆ ಬಾಗಿಲಲ್ಲೇ ಅಜ್ಜಿ ಅದನ್ನು ಕಸಿದುಕೊಂಡಳು. ನೀರಿನ ಹರವಿಯ ಪಕ್ಕ ಹಸಿ ಗೋಣಿಚೀಲ ಸುತ್ತಿ ಇಟ್ಟು, ಅದರ ಮುಂದೆ ತಾನೇ ಕೂತಳು.

"ಬಿಸಿಲಾಗಿಂದ ಬಂದೋರು ದೂರ ನಿಂದರ್ರಿ. ನಿಮ್ಮ ಮೈ ಕಾವು ತಾಗ್ತತಿ."

ಎದುರು ಮನೆಯ ಹುಲಿಗೆಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಏನಬೇ, ಮೊಮ್ಮಗ ಕೋಳಿಗೆ ಕಾಡಿಗಿ ಹಚ್ಚಾಕ ಬಂದಾನಂತ?"

"ಕಾಡಿಗಿ ಅಲ್ಲ, ಹೆಪ್ಪು. ನಿನ್ನವೂ ತಂದು ಹಾಕಿಸ್ಕೊ. ಇಲ್ಲಂದ್ರ ಆಮ್ಯಾಲೆ ನನ್ನ ಕೋಳಿ ಮ್ಯಾಲೆ ಕಣ್ಣು ಹಾಕಬ್ಯಾಡ."

ಹುಲಿಗೆಮ್ಮ ಸ್ವಲ್ಪ ಯೋಚಿಸಿದಳು. "ಅರ್ಧ ಹಾಕಸ್ತೀನಿ. ಅರ್ಧ ದೇವರಿಗೆ ಬಿಡ್ತೀನಿ. ಯಾರ್ ಗೆಲ್ತಾರ ನೋಡೇ ಬಿಡಾಣ."

ಮುಂದೆ ನಾನು ಓದಿದ ಎಷ್ಟೋ ಪ್ರಬಂಧಗಳಲ್ಲಿ ಹುಲಿಗೆಮ್ಮನಷ್ಟು ಒಳ್ಳೆಯ ಯೋಜನೆ ಇರಲಿಲ್ಲ. ಹೊತ್ತು ಇಳಿಯುತ್ತಿದ್ದಂತೆ ಓಣಿಯ ಹೆಂಗಸರು ಕೋಳಿಗಳನ್ನು ಕಂಕುಳಲ್ಲಿ ಹಿಡಿದು ಸಾಲುಗಟ್ಟಿದರು. ಶಾರಿ ಹಿಡಿದುಕೊಟ್ಟಳು, ನಾನು ಕಣ್ಣಿಗೆ ಹನಿ ಬಿಟ್ಟು ಮಿಟುಕಿಸುವವರೆಗೆ ಕಾದೆ. ಹಾಕಿದ್ದಕ್ಕೇ ಮತ್ತೆ ಹಾಕಬಾರದೆಂದು, ಅಪ್ಪ ಕತ್ತರಿಸಿ ಉಳಿದ ಜೀನ್ಸಿನ ಅಂಚಿನ ಪಟ್ಟಿಗಳನ್ನು ಚೀಲ ತುಂಬ ತಂದಿದ್ದೆ. ಹನಿ ಬಿದ್ದ ಕೋಳಿಯ ಕಾಲಿಗೆಲ್ಲ ಒಂದೊಂದು ನೀಲಿ ಪಟ್ಟಿ ಕಟ್ಟಿದೆ. ಮರುದಿನ ಬೆಳಿಗ್ಗೆ ಓಣಿಯ ಧೂಳಿನಲ್ಲಿ ನೀಲಿ ಕಾಲುಗಳು ಓಡಾಡುತ್ತಿದ್ದವು. ಊರ ಹುಡುಗರು ಅವಕ್ಕೆ ಜೀನ್ಸ್ ಕೋಳಿ ಎಂದು ಹೆಸರಿಟ್ಟು ನನ್ನ ಹಿಂದೆ ಕೂಗಿಕೊಂಡು ಬಂದರು.

ರೋಗ ಬಂತು. ಕೆಲವು ವಾರ ಬಿಟ್ಟು, ಮೇಲಿನ ಓಣಿಯಿಂದ ಇಳಿಯುತ್ತ ಬಂತು. ಅಲ್ಲಿನ ಕೋಳಿಗಳು ಕತ್ತು ತಿರುಚಿಕೊಂಡು ಬಿದ್ದ ಸುದ್ದಿ ದಿನವೂ ಬರುತ್ತಿತ್ತು. ಅಜ್ಜಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಸುತ್ತಿ ಕೈಗೆ ಕೊಟ್ಟರೆ ಅದನ್ನು ಹಿಡಿದೇ ಹಿಂಡಿನ ಹಿಂದೆ ತಿರುಗುತ್ತಿದ್ದೆ, ರೊಟ್ಟಿ ಕೊನೆಗೆ ಕೋಳಿಗಳ ಪಾಲಾಗುತ್ತಿತ್ತು. ಆಮೇಲೆ ಹುಲಿಗೆಮ್ಮ ದೇವರಿಗೆ ಬಿಟ್ಟವು ಬೀಳತೊಡಗಿದವು. ಒಂದೊಂದಾಗಿ ಎಲ್ಲವೂ ಹೋದವು. ಅವುಗಳ ಜೊತೆಗೇ ಒಂದೇ ಬುಟ್ಟಿಯಲ್ಲಿ ಮಲಗಿದ ನೀಲಿ ಪಟ್ಟಿಯವು ಬೆಳಿಗ್ಗೆ ಎದ್ದು ಮೈ ಕೊಡವಿ ತಿಪ್ಪೆಗೆ ಹೊರಟವು. ಆ ದಿನ ಹುಲಿಗೆಮ್ಮ ನಮ್ಮ ಕಟ್ಟೆಯ ಮುಂದೆ ಬಂದು ನಿಂತು, ಓಣಿಗೆಲ್ಲ ಕೇಳುವಂತೆ ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ.

"ದೇವರಾಟ ದೇವರಿಗೆ. ಬರೋ ವರ್ಷ ನಮ್ಮವೆಲ್ಲ ಈ ಹುಡುಗನ ಕಡೇನ!"

ಸುದ್ದಿ ಬಳ್ಳಾರಿಗೆ ಮುಟ್ಟಿ ಅಪ್ಪ, ಅವ್ವ ಬಂದರು. ಅಪ್ಪ ಬಸ್ಸಿಳಿದವನು ಮನೆಯೊಳಗೆ ಬರಲೇ ಇಲ್ಲ. ಓಣಿಯ ಈ ತುದಿಯಿಂದ ಆ ತುದಿಗೆ ನಡೆದು ನೋಡಿದ, ಒಂದು ಹೇಂಟೆಯನ್ನು ಹಿಡಿದು ಅದರ ಕಾಲಿನ ಪಟ್ಟಿಯನ್ನು ಬೆರಳಲ್ಲಿ ಸವರಿದ.

"ಈ ಅಂಚು ನನ್ನ ಕಟಿಂಗ್," ಎಂದ. "ನೋಡು, ಒಂದು ಎಳಿನೂ ಬಿಚ್ಚಿಲ್ಲ."

"ಹೌದ್ರೀ, ನಿಮ್ಮ ಅಂಚಿನಿಂದಾನ ಕೋಳಿ ಉಳದಾವು!" ಎಂದು ಅವ್ವ ನಕ್ಕಳು.

ಅಜ್ಜಿಗೆ ಸಂಭ್ರಮ ತಡೆಯಲಾಗದೆ, ಉಳಿದ ಕೋಳಿಗಳಲ್ಲೇ ದಪ್ಪನೆಯದೊಂದನ್ನು ಅಪ್ಪನ ಕೈಗೆ ಕೊಟ್ಟಳು. ಸಾವಿನಿಂದ ಪಾರು ಮಾಡಿದ ಕೋಳಿಯನ್ನು ಆ ಖುಷಿಗೇ ಕೊಯ್ದದ್ದು ಆಗ ನಮಗೆ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಪಡಸಾಲೆಯಲ್ಲಿ ಸಾಲಾಗಿ ಕೂತೆವು. ಅವ್ವ ಎಂದಿನಂತೆ ಕಂದನಕಾಯಿಯನ್ನು ಮೊದಲು ಅಪ್ಪನ ತಾಟಿಗೆ ಹಾಕಿದಳು. ಅಪ್ಪ ಅದನ್ನು ಒಂದು ಕ್ಷಣ ನೋಡಿ, ಎತ್ತಿ ನನ್ನ ತಾಟಿಗೆ ಹಾಕಿದ. ಶಾರಿ ಕಣ್ಣರಳಿಸಿ ನನ್ನನ್ನೂ ಅಪ್ಪನನ್ನೂ ನೋಡಿದಳು. ಸೈನ್ಸ್ ತಗೊ ಎಂದು ಅಪ್ಪ ಬಾಯಿಬಿಟ್ಟು ಹೇಳಿದ ನೆನಪು ನನಗಿಲ್ಲ. ಹೇಳುವ ಅಗತ್ಯವೂ ಉಳಿದಿರಲಿಲ್ಲ. ಅದನ್ನು ಜಗಿಯುವಾಗ ನಾನು ಗೆದ್ದಿದ್ದೇನೆ ಎಂದು ತಲೆಗಿಂತ ಮೊದಲು ಹಲ್ಲಿಗೆ ಗೊತ್ತಾಯಿತು.

ಆಮೇಲಿನದು ಇನ್ನೊಬ್ಬರಿಗೆ ಹೇಳುವಂಥದ್ದೇನಲ್ಲ: ಓದಿದೆ, ಡಾಕ್ಟರಾದೆ. ಅಪ್ಪ ಬದುಕಿರುವವರೆಗೂ ಮನೆಗೆ ಬಂದವರಿಗೆಲ್ಲ "ನಮ್ಮ ಹುಡುಗ ಕೋಳಿ ಡಾಕ್ಟರ್" ಎಂದು, ಅವರು ನಗುವ ಮೊದಲೇ ಗದರಿಸುವ ದನಿಯಲ್ಲಿ ಹೇಳುತ್ತಿದ್ದ. ಆದರೆ ಶಾರದೆ ಬಿಡಲಿಲ್ಲ. ಹುಲಿಗೆಮ್ಮ ಒಳ್ಳೆಯ ಗಟ್ಟಿ ಕೋಳಿಗಳನ್ನೇ ಆರಿಸಿ ನಿನಗೆ ಕೊಟ್ಟಿದ್ದಳು, ಬಡಕಲನ್ನು ದೇವರಿಗೆ ಬಿಟ್ಟಳು ಎನ್ನುತ್ತಾಳೆ. ಇರಬಹುದು. ನಿನ್ನ ಮೇಲಿನ ಪ್ರೀತಿಗೆ ಅಜ್ಜಿ ಸತ್ತ ಒಂದೆರಡನ್ನು ಮುಚ್ಚಿಹಾಕಿರಬಹುದು ಎನ್ನುತ್ತಾಳೆ. ಅದೂ ಇರಬಹುದು, ಅಜ್ಜಿ ಅಂಥವಳೇ. ಇವೆರಡನ್ನೂ ಕೇಳೋಣವೆಂದರೆ ಅಜ್ಜಿಯೂ ಇಲ್ಲ, ಹುಲಿಗೆಮ್ಮನೂ ಇಲ್ಲ. ಅವಳ ಮೂರನೆಯ ಮಾತೇ ನನ್ನನ್ನು ಕಾಡಿದ್ದು.

"ಅಣ್ಣ, ಆ ಬಿಸಿಲಾಗ, ಅಷ್ಟೊತ್ತು ಕೋಳೂರು ಕ್ರಾಸಿನಾಗ ನಿಂತ ಮ್ಯಾಲೆ ಐಸು ಉಳಿಯಾಕ ಸಾಧ್ಯ ಇಲ್ಲ. ನೀ ಹಾಕಿದ್ದು ನೀರು. ಆ ವರ್ಷ ನಿನ್ನ ನಸೀಬು ಚಲೋ ಇತ್ತು, ಅಷ್ಟ."

ಕಳೆದ ಬೇಸಿಗೆಯಲ್ಲಿ, ಬಳ್ಳಾರಿ ಕಂಟೋನ್ಮೆಂಟಿನ ನನ್ನ ಮನೆಯ ಅಟ್ಟದಿಂದ ಅವ್ವ ಆ ಥರ್ಮಾಸನ್ನು ಇಳಿಸಿಕೊಟ್ಟಳು. ಕೆಂಪೂ ಅಲ್ಲ, ಹಸಿರೂ ಅಲ್ಲ. ನೀಲಿ. ನಮ್ಮಿಬ್ಬರ ನೆನಪಿನ ಯೋಗ್ಯತೆ ಅಷ್ಟು. ಒಳಗಿನ ಗಾಜು ಒಡೆದಿರಲಿಲ್ಲ, ಬದಲಾಯಿಸಿಯೂ ಇಲ್ಲ ಎಂದಳು ಅವ್ವ. ಇಷ್ಟು ಹಳತಾದ ಮೇಲೆ ಅದು ಆಗಿನದಕ್ಕಿಂತ ಚೆನ್ನಾಗಿ ತಂಪು ಹಿಡಿಯಲಾರದು. ಈಗ ಹಿಡಿದರೆ ಆಗಲೂ ಹಿಡಿದಿತ್ತು ಎಂದೇ ಅರ್ಥ. ನಡು ಬೇಸಿಗೆಯ ಒಂದು ದಿನ ಐಸು ಒಡೆದು ತುಂಬಿ, ಕುರುಗೋಡಿನ ಬಸ್ಸು ಹತ್ತಿದೆ. ಶಾರದೆ ಸಿರುಗುಪ್ಪದಿಂದ ಬಂದು ಕೋಳೂರು ಕ್ರಾಸಿನಲ್ಲಿ ಇಳಿದಳು, ನಾನೂ ಇಳಿದೆ. ಎಷ್ಟು ಹೊತ್ತು ಕಾ​ಯಬೇಕೆಂಬುದನ್ನು ಅವಳಿಗೇ ಬಿಟ್ಟೆ. ಅವಳು ನಿಷ್ಕರುಣಿ. ಚಹಾದಂಗಡಿಯ ತಗಡಿನ ಕೆಳಗೆ ಥರ್ಮಾಸನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡು ಕೂತು, ಕುರುಗೋಡಿನ ಬಸ್ಸುಗಳನ್ನು ಒಂದಾದ ಮೇಲೊಂದು ಹೋಗಗೊಟ್ಟಳು. ಅಂಗಡಿಯವನು ನಮ್ಮನ್ನು ಅನುಮಾನದಿಂದ ನೋಡತೊಡಗಿದ ಮೇಲೆ, "ಇಷ್ಟು ಸಾಕು, ಇದಕ್ಕಿಂತ ಹೆಚ್ಚು ನಿಂತಿರಾಕ ಸಾಧ್ಯ ಇಲ್ಲ" ಎಂದು ತಾನಾಗಿಯೇ ಎದ್ದಳು. ಕುರುಗೋಡಿನಲ್ಲಿ ಇಳಿದು, ಅಜ್ಜಿಯ ಓಣಿಗೆ ನಡೆದು, ಆ ಕಟ್ಟೆಯ ಮೇಲೆ ಕೂತೆವು. ಮುಚ್ಚಳ ತಿರುಗಿಸುವ ಮೊದಲು ಅವಳು ಥರ್ಮಾಸನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಾಡಿಸಿದಳು. ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು. ಆದರೂ ತೆರೆದೆ, ಉಷ್ಣಮಾಪಕ ಇಳಿಬಿಟ್ಟೆ, ಅವಳೇ ಓದಲೆಂದು ಅವಳ ಕಡೆಗೆ ತಿರುಗಿಸಿದೆ. ಲಸಿಕೆ ಸಾಯುವ ಬಿಸಿ ಎಲ್ಲೋ ಮೇಲಿತ್ತು, ಪಾದರಸ ಎಲ್ಲೋ ಕೆಳಗಿತ್ತು.

"ಗಟ್ಟಿ ಕೋಳಿ ಮಾತು ನಾ ಬಿಟ್ಟಿಲ್ಲ," ಎಂದಳು ಶಾರದೆ.

ಬಿಡಬೇಕಾಗಿಯೂ ಇಲ್ಲ. ಥರ್ಮಾಸನ್ನು ಹಿಡಿದವರು ಯಾರು, ಹೆಪ್ಪಿನ ಮಾತು ಯಾರದು, ನಾನು ಅತ್ತೆನೋ ಇಲ್ಲವೋ, ಇವುಗಳಲ್ಲಿ ಯಾವುದಕ್ಕೂ ನಾನು ಸಾಕ್ಷಿ ಹೇಳಲಾರೆ. ಕಟ್ಟೆಯ ಮೇಲೆ ಥರ್ಮಾಸನ್ನು ಬಗ್ಗಿಸಿದೆ. ನೀರಿನ ಹಿಂದೆಯೇ ಐಸಿನ ತುಂಡುಗಳು ಕಲ್ಲಿನ ಮೇಲೆ ಟಣಟಣ ಬಿದ್ದವು.